ಮಿನುಗುತ್ತಿದ್ದ ಕೆಂಪು ದೀಪ

ಆ ರೆಕಾರ್ಡರಿನ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿನುಗುತ್ತದೆ. ಯಂತ್ರ ಸಿದ್ಧವಾಗಿದೆ ಎಂದಷ್ಟೇ ಅದರರ್ಥ. ಇನ್ನೊಮ್ಮೆ ಒತ್ತಿದರೆ ದೀಪ ನಿಂತು ಉರಿಯುತ್ತದೆ, ಆಗ ಧ್ವನಿ ಕಾರ್ಡಿಗೆ ಇಳಿಯುತ್ತದೆ. ಆದರೆ ಹೆಡ್‌ಫೋನಿನಲ್ಲಿ ಎರಡೂ ಸಲ ಮಾತು ಒಂದೇ ರೀತಿ ಕೇಳಿಸುತ್ತದೆ. ಇದು ನನಗೆ ಗೊತ್ತಿತ್ತು.

ಡಿಗ್ರಿ ಮುಗಿಸಿ ಶಹಾಪುರದಲ್ಲಿ ಗೆಳೆಯನೊಬ್ಬನ ಜೊತೆ ಮದುವೆ ವಿಡಿಯೊ ಮಾಡುತ್ತಿದ್ದೆ. ಕ್ಯಾಮೆರಾ ಅವನದು, ಧ್ವನಿ ನನ್ನದು. ಒಮ್ಮೆ ಸುರಪುರದ ಕಡೆಯಿಂದ, ಕಾಲುವೆಯ ಕೊನೆಯ ಹೊಲದವರು ನಮ್ಮನ್ನು ಕರೆಸಿದರು. ಸರದಿಯಂತೆ ನೀರು ಬಿಡುವ ವಾರಬಂದಿಯಲ್ಲಿ ಅವರ ಪಾಳಿ ಬಂದಾಗಲೂ ಮೇಲಿನ ಊರಿನವರು ಗೇಟಿಗೆ ಕಲ್ಲು, ಮರಳಿನ ಚೀಲ ತುರುಕಿ ನೀರನ್ನು ತಮ್ಮ ಭತ್ತದ ಗದ್ದೆಗೆ ತಿರುಗಿಸಿಕೊಳ್ಳುತ್ತಿದ್ದರು. ಅದನ್ನು ವಿಡಿಯೊ ಮಾಡಿ ನೀರಾವರಿ ಸಾಹೇಬರಿಗೆ ತೋರಿಸಬೇಕಿತ್ತು. ಕರೆಸಿದವರು ಹತ್ತು ಜನ. ಬಾಯಿ ಬಿಡಲು ಒಪ್ಪಿದ್ದು ಒಬ್ಬಳೇ, ಎರಡು ಎಕರೆಯಲ್ಲಿ ಮೆಣಸಿನಕಾಯಿ ಹಾಕಿದ್ದ ಹೆಣ್ಣುಮಗಳು.

"ಮಾರಿ ಬ್ಯಾಡ, ಮಾತಷ್ಟ ತಗೋ ತಮ್ಮ," ಅಂದಳು. "ನಾ ಹೇಳೀನಂತ ಅವರಿಗಿ ಗೊತ್ತಾತಂದ್ರ ನನ್ನ ಹೊಲಕ್ಕ ಒಂದು ಹನಿ ನೀರು ಬರಂಗಿಲ್ಲ."

ಹಾಗಾಗಿ ಗೆಳೆಯ ಅವಳ ಮುಖ ತೆಗೆಯದೆ ದೂರ ಹೋಗಿ ಅವಳ ಹೊಲವನ್ನೂ ಹೂಬಿಟ್ಟ ಗಿಡಗಳನ್ನೂ ತೆಗೆಯತೊಡಗಿದ. ನಾನು ಜಾಲಿಗಿಡದ ಕೆಳಗೆ ಅವಳೆದುರು ಕುಳಿತೆ. ಗಾಳಿ ಜೋರಿತ್ತು. ಮೈಕಿಗೆ ಕಂಬಳಿಯ ತುಂಡು ಸುತ್ತಿದೆ. ಗಾಳಿಯ ಸದ್ದನ್ನು ರೆಕಾರ್ಡ್ ಮಾಡಿ ಪರೀಕ್ಷಿಸುತ್ತಿರುವಾಗಲೇ ಬ್ಯಾಟರಿ ಸತ್ತಿತು. ಹೊಸ ಸೆಲ್ ಹಾಕಿ ಗುಂಡಿ ಒತ್ತಿದೆ. ಒಮ್ಮೆ. ಬಿಸಿಲಿಗೆ ಪರದೆಯೂ ದೀಪವೂ ಕಾಣಿಸುತ್ತಿರಲಿಲ್ಲ. ನಾನು ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದೆ.

ಅವಳು ಒಂದೇ ಉಸಿರಿಗೆ ಹೇಳಿದಳು. ಚೀಲ ತಂದ ಟ್ರ್ಯಾಕ್ಟರ್ ಯಾರದು, ಗೇಟಿನ ಬೀಗ ಒಡೆದವರು ಯಾರು, ಕೇಳಲು ಹೋದಾಗ ಅವಳಿಗೆ ಏನೆಂದು ಬೈದರು. ಅವಳ ಬಳೆಯ ಸದ್ದೂ ಕಿವಿಯಲ್ಲಿ ಸ್ಪಷ್ಟವಾಗಿತ್ತು.

"ಎಲ್ಲಾ ಆತೇನು ಅದರಾಗ?"

"ಎಲ್ಲಾ ಒಳಗ ಅದ ಅಕ್ಕ. ಚಿಂತಿ ಬಿಡ್ರಿ," ಎಂದೆ.

ಅಲ್ಲಿಂದ ಗೇಟಿನ ಹತ್ತಿರ ನೀರಿನ ಸದ್ದು ಹಿಡಿಯಲು ಹೋದೆವು. ಎರಡು ಬೈಕಿನ ಮೇಲೆ ಮೇಲಿನ ಊರಿನ ನಾಲ್ವರು ಬಂದರು. ಮುಂದಿದ್ದವನ ಕೈಯಲ್ಲಿ ಗೇಟು ಎತ್ತುವ ಕಬ್ಬಿಣದ ರಾಡಿತ್ತು.

"ಏನಲೇ, ಕಾಲುವಿಗಿ ಲಗ್ನ ಮಾಡಾಕತ್ತೀರೇನು?" ಎಂದ, ನಮ್ಮ ಬ್ಯಾಗಿನ ಮೇಲಿದ್ದ 'ಮದುವೆ ವಿಡಿಯೊ, ಶಹಾಪುರ' ಎಂಬ ಅಕ್ಷರ ಓದಿ. ಉಳಿದವರು ನಕ್ಕರು. ಒಬ್ಬ ಕ್ಯಾಮೆರಾ ಕಿತ್ತುಕೊಂಡು ನೋಡಿದ. "ಬರೇ ಗಿಡ ಅದಾವಣ್ಣ."

"ಮತ್ತ ಈ ಡಬ್ಬ್ಯಾಗ ಏನ್ ತುಂಬೀರಿ?" ರಾಡಿನವನು ನನ್ನ ಹೆಡ್‌ಫೋನ್ ಎಳೆದು ತನ್ನ ಕಿವಿಗೆ ಹಾಕಿಕೊಂಡ. ನನ್ನ ಕೈಯಲ್ಲಿದ್ದ ಮೈಕು ಬೈಕಿನ ಕಡೆಗಿತ್ತು. ಅಲ್ಲಿ ನಿಂತವನೊಬ್ಬ ಪಕ್ಕದವನಿಗೆ ಪಿಸುಗುಟ್ಟಿದ್ದು ಇವನಿಗೆ ಕೇಳಿಸಿತು.

"ಏ! ಚೀಲದ ಮಾತು ಯಾಕ ಆಡಿದ್ಯೋ? ನನ್ನ ಕಿವ್ಯಾಗ ಬಂತದು. ರಿಕಾರ್ಡ ಆಗಾಕತ್ತದ!"

ಅವನು ನನ್ನ ಮೇಲೆ ಬಾಗಿದಾಗ ಅವನ ನೆರಳು ಪರದೆಯ ಮೇಲೆ ಬಿತ್ತು. ಆಗ ಕಂಡಿತು. ದೀಪ ಮಿನುಗುತ್ತಿತ್ತು. ಸಮಯದ ಜಾಗದಲ್ಲಿ ಬರೀ ಸೊನ್ನೆ. ಅವಳ ಒಂದು ಮಾತೂ ಒಳಗೆ ಇರಲಿಲ್ಲ.

"ಅಣ್ಣಾರ, ಖರೇನ ಏನೂ ರಿಕಾರ್ಡ ಆಗಿಲ್ರಿ. ಕಿವ್ಯಾಗ ಬರ್ತದ, ಒಳಗ ಹೋಗಂಗಿಲ್ಲ."

"ಕಿವ್ಯಾಗ ಬಂದಿದ್ದು ಒಳಗಿಲ್ಲ ಅಂದ್ರ ನಾ ಏನ್ ಕುರಿ ಏನಲೇ?"

ಅರ್ಧ ತಾಸಿನ ಹಿಂದೆ ನಾನು ನಂಬಿದ್ದನ್ನೇ ಅವನೂ ನಂಬಿದ್ದ. ಇದ್ದ ಒಂದೇ ಫೈಲು ಹಾಕಿ ಕೇಳಿಸಿದೆ. ಬರೀ ಗಾಳಿ.

"ಗಾಳಿ ತುಂಬ್ಕೊಂಡು ಹೋಗಾಕ ಶಹಾಪುರದಿಂದ ಬಂದಾರಂತ್ರೆಪಾ ಇವರು," ಎಂದು ಅವನು ನನ್ನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ತಳ್ಳಿದ. ನನ್ನ ಹಿಮ್ಮಡಿ ಕಾಲುವೆಯ ಅಂಚು ದಾಟಿತು. ಕೆಳಗೆ ನೀರು ತುಂಬಿ ಓಡುತ್ತಿತ್ತು. ಪಾಚಿ ಹತ್ತಿದ ಸಿಮೆಂಟಿನ ಇಳಿಜಾರಿನಲ್ಲಿ ಬಿದ್ದವರು ಮೇಲೆ ಬರುವುದಿಲ್ಲವೆಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ರಾಡಿನ ತುದಿ ಎದೆಗೆ ಒತ್ತುತ್ತಿತ್ತು. ಗೆಳೆಯ ನಿಂತಲ್ಲೇ ನಿಂತಿದ್ದ. ನಾನು ರಾಡಿನವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿರುಚಿದೆ:

"ಆ ಅಕ್ಕ ನಿಮ್ಮ ಹೆಸರು ಹೇಳಿಲ್ರಿ!"

ಅವನು ತಳ್ಳುವುದನ್ನು ನಿಲ್ಲಿಸಿದ.

"ಯಾವ ಅಕ್ಕ?" ಎಂದು ಮೆಲ್ಲಗೆ ಕೇಳಿದ.

ನಾನು ಹೇಳುವ ಅಗತ್ಯವಿರಲಿಲ್ಲ. ಅವನು ನನ್ನನ್ನು ದಂಡೆಗೆ ಎಳೆದು ನಿಲ್ಲಿಸಿ, ಕ್ಯಾಮೆರಾ ಇಸಿದುಕೊಂಡು ಆ ಗಿಡಗಳನ್ನು ಮತ್ತೊಮ್ಮೆ ನೋಡಿದ. ಕಾಲುವೆಯ ಕೊನೆಯಲ್ಲಿ ಮೆಣಸಿನಕಾಯಿ ಹಾಕಿದ್ದ ಹೆಣ್ಣುಮಗಳು ಒಬ್ಬಳೇ. ಆಮೇಲೆ ಅವನೇ ಹೆಡ್‌ಫೋನಿನ ವೈರು ಸುತ್ತಿ ನನ್ನ ಕೈಗೆ ಕೊಟ್ಟ. "ಚಲೋ ಮಷೀನ್ ಅದ. ಹುಷಾರ ಒಯ್ಯಿ," ಎಂದ. ನಾವು ಅವಳಿಗೆ ಹೇಳಲೂ ನಿಲ್ಲದೆ ಬೈಕ್ ಓಡಿಸಿಕೊಂಡು ಊರು ಸೇರಿದೆವು.

ಮುಂದಿನ ಪಾಳಿಯ ಹೊತ್ತಿಗೆ ನಾನೊಬ್ಬನೇ ಮತ್ತೆ ಹೋದೆ. ಅಕ್ಕಪಕ್ಕದ ಹೊಲಗಳಿಗೆ ತುಸು ನೀರು ಹರಿದಿತ್ತು. ಅವಳ ಹೊಲಕ್ಕೆ ನೀರು ಬಿಡುವ ತೂಬಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಅವಳು ಒಣಗಿದ ಗಿಡ ಕೀಳುತ್ತಿದ್ದಳು. ಈ ಸಲ ಗುಂಡಿಯನ್ನು ಎರಡು ಬಾರಿ ಒತ್ತಿ, ಅಂಗೈಯ ನೆರಳಿನಲ್ಲಿ ದೀಪ ನೋಡಿಕೊಂಡೆ. ನಿಂತು ಉರಿಯುತ್ತಿತ್ತು.

"ಅಕ್ಕ, ಅವತ್ತು ಅದು ರಿಕಾರ್ಡ ಆಗಿರಲಿಲ್ರಿ. ಇನ್ನೊಮ್ಮಿ ಹೇಳ್ತೀರೇನು?"

ಅವಳು ತಲೆ ಎತ್ತಲಿಲ್ಲ. "ಮನಿಗಿ ಬಂದು ಹೇಳಿ ಹೋದ್ರು ತಮ್ಮ, ನನ್ನ ಸುದ್ದಿ ಅವರಿಗಿ ಯಾರ ಕೊಟ್ರು ಅಂತ. ನಿನ್ನ ಡಬ್ಬಿ ಚಲೋದದ. ಅದು ಬಾಯಿ ಬಿಡಲಿಲ್ಲ."

ಆ ಫೈಲು ನನ್ನ ಹತ್ತಿರ ಇನ್ನೂ ಇದೆ. ಮೊದಲು ನನ್ನ ಪ್ರಶ್ನೆ, ಆಮೇಲೆ ಅವಳ ಉತ್ತರ, ಆಮೇಲೆ ಬಹಳ ಹೊತ್ತು ಗಿಡ ಬೇರುಸಹಿತ ಕೀಳುವ ಸದ್ದು.