ಅವ್ವನ ಸೋಮವಾರದ ಉಪವಾಸ

ನನ್ನನ್ನು ನೋಡಲು ಗಂಡಿನ ಕಡೆಯವರು, ಪರರಾಜ್ಯದಲ್ಲಿ ನಾವು ದುಡಿಯುತ್ತಿದ್ದ ಚಿಂಬಲ್‌ಗೆ ಬಂದಾಗ ಅವ್ವನ ಎದೆಯಲ್ಲಿ ಯಂತ್ರ ಕೂಡಿಸಿ ಮೂರು ವಾರವೂ ಆಗಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಎರಡು ಸಲ ತಲೆತಿರುಗಿ ಬಿದ್ದಿದ್ದಳು. ನಾಡಿ ನಡುನಡುವೆ ನಿಂತೇ ಹೋಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಎಡಭುಜದ ಕೆಳಗೆ ಪೇಸ್‌ಮೇಕರ್ ಇಟ್ಟಿದ್ದರು. ಒಳಗಿನ ತಂತಿ ಕೂಡಿಕೊಳ್ಳುವ ತನಕ ಎಡಗೈ ಮೇಲೆತ್ತಲೇಬಾರದು ಎಂದು ಡಾಕ್ಟರು ನೂರು ಸಲ ಹೇಳಿ, ಕೈಯನ್ನು ಪಟ್ಟಿಯಲ್ಲಿ ಕಟ್ಟಿ ಕಳಿಸಿದ್ದರು.

ಆ ಪಟ್ಟಿ ಬಿಚ್ಚಿಸಿದವಳು ನಾನು.

"ಎದಿ ಬ್ಯಾನಿ ಮನಿತನ ಅಂದು ಎದ್ದು ಹೊಕ್ಕಾರ ಯವ್ವಾ. ಸೆರಗ ಹೊದ್ದು ಸುಮ್ಮನ ಕುಂದ್ರು," ಎಂದೆ.

"ಆತು ಬಿಡವಾ," ಎಂದಳು. ನನ್ನ ಕಪಾಳಕ್ಕೆ ಎರಡು ಬಿಡಬೇಕಿತ್ತು.

ಅಂದು ಸೋಮವಾರ. ಎಲ್ಲ ಸುಸೂತ್ರ ನಡೆದಿತ್ತು. ಹೊರಡುವ ಮುಂಚೆ ಗಂಡಿನ ತಾಯಿಗೆ ಉಡಿ ತುಂಬಬೇಕಿತ್ತು. ಖಣ, ತೆಂಗಿನಕಾಯಿಯ ಬುಟ್ಟಿ ಇಲಿಗಳ ಕಾಟಕ್ಕೆ ಮೇಲಿನ ಹಲಗೆ ಏರಿತ್ತು. ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ನನಗೆ, ಅವ್ವ ತುದಿಗಾಲಲ್ಲಿ ನಿಂತು ಎರಡೂ ಕೈ ಎತ್ತುವುದು ಓರೆಗಣ್ಣಿಗೆ ಕಂಡಿತು. ಬ್ಯಾಡ ಯವ್ವಾ ಎಂದರೆ ಸಾಕಿತ್ತು. ಯಾಕೆ ಬೇಡ ಎಂದು ಅವರು ಕೇಳಿಯಾರೆಂದು ಬಾಯಿ ಮುಚ್ಚಿಕೊಂಡೆ.

ಉಡಿ ತುಂಬಿ ಏಳುವಾಗ ಅವ್ವ ಗೋಡೆಗುಂಟ ಜಾರಿ ಬಿದ್ದಳು.

"ಅಯ್ಯ ಶಿವನ! ಏನಾತ್ರಿ ಇವ್ರಿಗೆ?" ಗಂಡಿನ ತಾಯಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಸೋಮವಾರ ಉಪಾಸ ಇರ್ತಾಳ್ರಿ," ಎಂದೆ. ಥೂ, ಎಂಥ ನಾಲಿಗೆ ನನ್ನದು! ಬೆಳಿಗ್ಗೆ ನನ್ನ ಜೊತೆಯೇ ಎರಡು ರೊಟ್ಟಿ ತಿಂದಿದ್ದಳು.

ಅವ್ವ ಕಣ್ಣು ಬಿಟ್ಟಳು. ಅಪ್ಪ ಬೀಗರನ್ನು ಬಸ್ಸಿಗೆ ಬಿಡಲು ಹೋದ ಮೇಲೆಯೇ, ನಮ್ಮ ಸಾಲಿನ ಮನೆಗಳಿಗೆಲ್ಲ ಒಂದೇ ಇದ್ದ ಮೊಬೈಲಿನಿಂದ ನಾನು ರಿಕ್ಷಾ ಕರೆಸಿದೆ. ಆಸ್ಪತ್ರೆಯಲ್ಲಿ ನೋಡಿದರೆ ಒಳಗಿನ ತಂತಿ ಜಾಗ ಬಿಟ್ಟಿತ್ತು. ಮತ್ತೆ ಕೊಯ್ಯಬೇಕಾಯಿತು. ಕೈ ಯಾಕೆ ಎತ್ತಿದಳೆಂದು ಡಾಕ್ಟರು ಹಿಂದಿಯಲ್ಲಿ ಗದರಿದರು. ಅವ್ವನಿಗೆ ಹಿಂದಿ ಬಾರದು.

"ನಾನ ಮರ್ತು ಎತ್ತಿದೆ ಅಂತ ಹೇಳವಾ," ಎಂದಳು.

ಹಾಗೆಯೇ ಹೇಳಿದೆ.

ಅದೇ ಮನೆಗೆ ಸೊಸೆಯಾದೆ. ಮಗಳ ಸಲುವಾಗಿ ಉಪಾಸ ಮಾಡಿ ಬಿದ್ದ ತಾಯಿ ಎಂದು ಅತ್ತೆ ಇವತ್ತಿಗೂ ಬಂದವರ ಮುಂದೆ ಹೊಗಳುತ್ತಾರೆ. ನಾನು ಪಾತ್ರೆ ತಿಕ್ಕುತ್ತ ಕೇಳಿಸಿಕೊಳ್ಳುತ್ತೇನೆ.

ಮದುವೆಯಾಗಿ ಮೊದಲ ಸಲ ತವರಿಗೆ ಹೋದದ್ದೂ ಸೋಮವಾರವೇ. ಅವ್ವ ನನಗೆ ಬಿಸಿ ರೊಟ್ಟಿ ಹಾಕಿ, ತಾನು ಬರೀ ಚಹಾ ಹಿಡಿದು ಕೂತಳು.

"ನೀ ಉಣ್ಣಂಗಿಲ್ಲೇನು?"

"ಸೋಮವಾರ ಅಲ್ಲ? ಅವತ್ತಿಂದ ಹಿಡದೇನಿ," ಎಂದಳು. "ಬೀಗರ ಮುಂದ ನೀ ಸುಳ್ಳಾಗಬಾರದವಾ."