ಹಗ್ಗ ಹಿಡಿದವರ ಊಟ

1976ರ ಫೆಬ್ರವರಿ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಕೃಷ್ಣಾನಂದ ತೆಂಗಿನಗುಂಡಿಯ ದಾಸನ ಅಂಗಳದಲ್ಲಿ ಸ್ಟೂಲಿನ ಮೇಲೆ ನಿಂತು ಚಪ್ಪರದ ತೋರಣವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ತೋರಣ ಕಟ್ಟುವುದು ಅವನ ಕೆಲಸವಲ್ಲ. ಕಟ್ಟಿದವನು ಒಂದು ತುದಿಯನ್ನು ಓರೆಯಾಗಿ ಬಿಟ್ಟಿದ್ದ, ಓರೆ ಕಂಡರೆ ಕೃಷ್ಣಾನಂದನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

ಹದಿನಾಲ್ಕು ವರ್ಷ ಅವನು ಕುಮಟಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಯಾವಾಗ ಹೊರಡಬೇಕು, ಒಂದು ಕೆಟ್ಟು ನಿಂತರೆ ಬದಲಿಗೆ ಯಾವುದು ಹೋಗಬೇಕು ಎಂದು ನೋಡುವ ಕೆಲಸ. ಬಸ್ಸು ಹೊರಡುವ ಮೊದಲು ಕಿಟಕಿಯ ಪಕ್ಕ ನಡೆದುಹೋಗುತ್ತ ಒಳಗಿದ್ದ ತಲೆಗಳನ್ನು ಎಣಿಸುತ್ತಿದ್ದ. ಆ ಲೆಕ್ಕದಲ್ಲಿ ಅವನು ಎಂದೂ ಸೇರುತ್ತಿರಲಿಲ್ಲ. ಬಸ್ಸು ಹೋಗುತ್ತಿತ್ತು, ಕಂಟ್ರೋಲರ್ ಅಲ್ಲಿಯೇ ಉಳಿಯುತ್ತಿದ್ದ.

ಮದುವೆ ದಿಬ್ಬಣಗಳಿಗೆ ಬಾಡಿಗೆ ಬಸ್ಸು ಗೊತ್ತುಮಾಡಿಕೊಡುವುದೂ ಅವನ ಮೇಜಿನಲ್ಲೇ ನಡೆಯುತ್ತಿದ್ದುದರಿಂದ, ಮೂರು ತಾಲೂಕಿನ ಮದುವೆಗಳು ಎಲ್ಲೆಲ್ಲಿ ಎಡವುತ್ತವೆ ಎಂಬುದು ಅವನಿಗೆ ತಿಳಿಯುತ್ತ ಹೋಯಿತು. ಹಿಂದಿನ ಮೇ ತಿಂಗಳಲ್ಲಿ ಒಂದು ಮದುವೆಯ ಅಡುಗೆಯವರು ಗೇರುಸೊಪ್ಪೆಗೆ ತಲುಪಿದರು, ಅವರ ಪಾತ್ರೆಗಳು ಇನ್ನೊಂದು ಬಸ್ಸಿನ ಟಾಪಿನ ಮೇಲೆ ಕೂತು ಭಟ್ಕಳಕ್ಕೆ ಹೋದವು. ಫೋನು ಮಾಡಿ, ಲಾರಿ ಹಿಡಿದು, ಪಾತ್ರೆಗಳನ್ನು ಅಡುಗೆಯವರ ಬಳಿ ಸೇರಿಸಿದ ಮೇಲೆ ಕೃಷ್ಣಾನಂದನಿಗೆ ಅನ್ನಿಸಿತು: ಬಸ್ಸಿಗೆ ಇರುವಂತೆ ಮದುವೆಗೂ ಒಬ್ಬ ಕಂಟ್ರೋಲರ್ ಇರಬಾರದೇಕೆ?

ಕೇಳಿದವರು ನಕ್ಕರು. ಮದುವೆ ನಡೆಸಲು ನೆಂಟರಿದ್ದಾರೆ, ನೆರೆಯವರಿದ್ದಾರೆ, ಕೂಲಿ ಕೊಟ್ಟು ಹೊರಗಿನವನನ್ನು ತರುವುದೆಂದರೇನು? ನಿಲ್ದಾಣದ ಚಹದಂಗಡಿಯವನು, ತಾಳಿ ಕಟ್ಟುವಾಗಲೂ ಸೀಟಿ ಊದುವವರು ನೀವೆಯೋ ಎಂದು ವಿಚಾರಿಸಿದ. ಹೆಂಡತಿ ಶ್ರೀಮತಿ ಮಾತ್ರ ನಗಲಿಲ್ಲ. ಸರಕಾರಿ ಕೆಲಸ, ಮುಂದೆ ಪಿಂಚಣಿ ಎಂದು ನೋಡಿಯೇ ಅವಳ ಅಪ್ಪ ಈ ಸಂಬಂಧ ಒಪ್ಪಿದ್ದ. ಅವಳು ಒಂದು ವಾರ ಯೋಚಿಸಿ, ಸಂಬಳವಿಲ್ಲದ ಮೂರು ತಿಂಗಳ ರಜೆಗೆ ಒಪ್ಪಿದಳು. ಅಷ್ಟರಲ್ಲಿ ಒಂದು ಮದುವೆಯನ್ನಾದರೂ ಯಾರ ಮನಸ್ಸೂ ಕೆಡದಂತೆ ನಡೆಸಿ ತೋರಿಸಬೇಕು, ಆಗದಿದ್ದರೆ ಮರುಮಾತಿಲ್ಲದೆ ಹಳೆಯ ಕುರ್ಚಿಗೆ ಹೋಗಿ ಕೂರಬೇಕು.

ಎರಡು ತಿಂಗಳು ಯಾರೂ ಬರಲಿಲ್ಲ. ಕೊನೆಗೆ ಬಂದವನು ದಾಸ. ಮನೆಯ ಮದುವೆಗಳನ್ನೆಲ್ಲ ನಿಂತು ನಡೆಸುತ್ತಿದ್ದ ಅವನ ಅಣ್ಣ ಮುಂಬಯಿಯ ಬಂದರಿನಲ್ಲಿ ಕೆಲಸಕ್ಕೆ ಸೇರಿದ್ದ, ಅವನಿಗೆ ರಜೆ ಸಿಕ್ಕಿರಲಿಲ್ಲ. ದಾಸನ ಮಗಳು ಕಮಲಿಯನ್ನು ತದಡಿಯ ಈರನಿಗೆ ಕೊಡುವುದಾಗಿತ್ತು. ಎರಡು ಕಡೆಯವರೂ ಮೀನುಗಾರರು. ಕೃಷ್ಣಾನಂದನ ರಜೆ ಮುಗಿಯುವುದು ಮದುವೆಯ ಆ ಭಾನುವಾರಕ್ಕೇ.

ಅವನು ತನ್ನ ಮಟ್ಟಿಗೆ ಏನನ್ನೂ ಬಿಟ್ಟಿರಲಿಲ್ಲ. ದಿಬ್ಬಣ ಹತ್ತಕ್ಕೆ, ಧಾರೆ ಹನ್ನೊಂದೂ ಇಪ್ಪತ್ತಕ್ಕೆ. ದಿಬ್ಬಣವನ್ನು ಇದಿರುಗೊಳ್ಳಲು, ಚಾಪೆ ಹಾಸಲು, ಎಲೆ ಹಾಕಲು, ಬಡಿಸಲು ಊರಿನ ಗಂಡಸರನ್ನು ನೇಮಿಸಿದ್ದ. ಒಬ್ಬ ಬಾರದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬನಿದ್ದ, ಬದಲಿ ಬಸ್ಸಿನ ಹಾಗೆ. ಆದರೆ ಆ ಗಂಡಸರೆಲ್ಲ ಒಂದೇ ರಂಪಣಿಯ ಪಾಲುದಾರರು ಎಂಬುದನ್ನು ಅವನು ಕೇಳಿರಲಿಲ್ಲ. ಕುಮಟಾ ಪೇಟೆಯಲ್ಲಿ ಬೆಳೆದವನಿಗೆ ಕೇಳಬೇಕೆಂದು ಹೊಳೆದೂ ಇರಲಿಲ್ಲ. ರಂಪಣಿಯೆಂದರೆ ಒಂದು ಊರೇ ಸೇರಿ ಎಳೆಯುವ ಬಲೆ. ದಂಡೆಯ ಹತ್ತಿರ ಮೀನಿನ ಹಿಂಡು ಕಂಡರೆ ದೋಣಿಯಲ್ಲಿ ಬಲೆ ಒಯ್ದು ಹಿಂಡಿನ ಸುತ್ತ ಬಿಡುತ್ತಾರೆ. ಆಮೇಲೆ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ನಿಂತು ಗಂಟೆಗಟ್ಟಲೆ ಎಳೆಯಬೇಕು.

ತೋರಣ ನೆಟ್ಟಗಾಗುವ ಹೊತ್ತಿಗೆ ದಂಡೆಯ ಕಡೆಯಿಂದ ಒಬ್ಬ ತಲೆಯ ವಸ್ತ್ರ ಬೀಸುತ್ತ ಓಡಿ ಬಂದ. ಅವನು ಹೇಳಿದ್ದು ಒಂದೇ ಶಬ್ದ, ಬಂಗ್ಡೆ. ಚಾಪೆ ಹಿಡಿದವನು ಚಾಪೆ ಬಿಟ್ಟ, ನೀರು ತರುತ್ತಿದ್ದವನು ಕೊಡ ಇಳಿಸಿದ. ಹೊಸ ಪಂಚೆ ಉಟ್ಟು ನಿಂತಿದ್ದ ದಾಸ ಅತ್ತ ಒಮ್ಮೆ ನೋಡಿದ, ಇತ್ತ ಒಮ್ಮೆ ನೋಡಿದ.

“ಕಂಟ್ರೋಲರೇ, ಇಲ್ಲಿ ನೀವು ಸ್ವಲ್ಪ ನೋಡ್ಕಣಿ. ನಾ ಈಗ ಬಂದೆ.”

ಮದುಮಗಳ ಅಪ್ಪನೇ ಹೋದ. ಅಂಗಳದಲ್ಲಿ ಉಳಿದದ್ದು ಹೆಂಗಸರು, ಮುದುಕರು, ಪೂಜೆಯ ಸಾಮಾನು ಜೋಡಿಸುತ್ತಿದ್ದ ಭಟ್ಟರು, ಹಿಂದಿನ ತೆಂಗಿನ ಬುಡದಲ್ಲಿ ಒಲೆ ಹೂಡಿದ್ದ ಅಡುಗೆಯ ದುರ್ಗ. ಇನ್ನು ಸ್ವಲ್ಪ ಹೊತ್ತಿಗೆ ದಿಬ್ಬಣ ಬರುತ್ತದೆ. ಬಾಗಿಲಿಗೆ ಬಂದ ಗಂಡಿನ ಕಡೆಯವರ ಕಾಲಿಗೆ ನೀರು ಕೊಡಲು ಒಬ್ಬ ಗಂಡಸೂ ಇಲ್ಲವೆಂದರೆ ಆ ಅವಮಾನವನ್ನು ಎರಡು ತಲೆಮಾರು ಮರೆಯುವುದಿಲ್ಲ. ಕೃಷ್ಣಾನಂದ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತ. ನಾಳೆ ಬೆಳಿಗ್ಗೆಯ ಕುರ್ಚಿ ಅವನ ಕಣ್ಣಿಗೆ ಕಟ್ಟಿತು, ಅದರ ಹರಿದ ಬೆತ್ತದ ಸಮೇತ. ಅವನ ಮುಖ ನೋಡಿ ಕಮಲಿಯ ತಾಯಿ ತಿಮ್ಮಕ್ಕ ಹತ್ತಿರ ಬಂದಳು.

“ಸಿಟ್ಟು ಮಾಡ್ಕಣ್ಬೇಡಿ. ಹದಿನೈದು ದಿವ್ಸ ಆತು ದಂಡೆಗೆ ಮೀನಿಲ್ದೆ. ನಿಮ್ಮ ಟೈಂಟೇಬಲ್ ಬಂಗ್ಡೆಗೆ ಯಾರು ಹೇಳ್ಬೇಕಿತ್ತು?”

ಅವನಿಗೆ ನಗು ಬಂತು. ನಗು ಬಂದ ಮೇಲೆ ತಲೆ ಓಡಿತು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಮಂದಿಯನ್ನು ನಿಲ್ದಾಣಕ್ಕೆ ನಡೆಸಿಕೊಂಡು ಬರುವ ಕ್ರಮವಿಲ್ಲ, ಅವರು ನಿಂತಲ್ಲಿಗೇ ಬದಲಿ ಬಸ್ಸನ್ನು ಕಳಿಸಬೇಕು. ಮನೆಯವರು ಈಗ ದಂಡೆಯಲ್ಲಿದ್ದಾರೆ. ಇದಿರುಗೊಳ್ಳುವುದೂ ಅಲ್ಲಿಯೇ ಆಗಲಿ. ಕಲಶ, ಬೆಲ್ಲ, ನೀರು ಎಲ್ಲವನ್ನೂ ದಂಡೆಗೆ ಒಯ್ಯಲು ಹೇಳಿದ. ಸೋಬಾನೆ ಹೇಳುವ ಮುದುಕಿ ಸುಬ್ಬಿ ಮಾತ್ರ ಜಗ್ಗಲಿಲ್ಲ. ಇದಿರುಗೊಳ್ಳುವ ಪದವೆಲ್ಲ ಹೊಸಿಲಿನ ಮೇಲೆಯೇ ನಿಂತಿದೆ, ಹೊಸಿಲಿಲ್ಲದ ಮರಳಿನಲ್ಲಿ ಅದನ್ನು ಹೇಳುವುದು ಹೇಗೆ ಎಂಬುದು ಅವಳ ತಕರಾರು. ಕೃಷ್ಣಾನಂದ ಅವಳಿಗೆ ಕೈಮುಗಿದು, ಸೈಕಲ್ ಹತ್ತಿ ಹೆದ್ದಾರಿಗೆ ಹೋದ.

ದಿಬ್ಬಣದ ಬಸ್ಸು ಹೇಳಿದ ಹೊತ್ತಿಗೇ ಬಂತು. ಅವನು ಕೈ ಅಡ್ಡ ಮಾಡಿ ಹತ್ತಿ, ಮನೆಯ ದಾರಿ ಬಿಟ್ಟು ದಂಡೆಯ ದಾರಿ ಹಿಡಿಯಲು ಡ್ರೈವರನಿಗೆ ಹೇಳಿದ. ಮುಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡ ಈರ, ಅವನ ಪಕ್ಕದಲ್ಲಿ ಸೋದರಮಾವ ಕುಪ್ಪ. ದಿಬ್ಬಣದ ಯಜಮಾನಿಕೆ ಕುಪ್ಪನದು.

“ಎಂತ, ಹೆಣ್ಣಿನ ಮನೆ ರಾತ್ರೆ ಬೆಳಗಾಗೂದ್ರೊಳಗೆ ಜಾಗ ಬದಲ್ಸಿತೋ?”

ಕೃಷ್ಣಾನಂದ ಸುತ್ತು ಬಳಸಲಿಲ್ಲ. ಮನೆಯಲ್ಲಿ ನಿಮ್ಮನ್ನು ಇದಿರುಗೊಳ್ಳಲು ಗಂಡಸರು ಯಾರೂ ಇಲ್ಲ, ಎಲ್ಲರೂ ಹಗ್ಗ ಹಿಡಿದಿದ್ದಾರೆ, ಮರ್ಯಾದೆಯೆಲ್ಲ ದಂಡೆಯಲ್ಲೇ ಆಗುತ್ತದೆ ಎಂದ. ಕುಪ್ಪ ಅವನನ್ನೇ ನೋಡಿದ.

“ಬಂಗ್ಡೆಯೋ?”

“ಬಂಗ್ಡೆ.”

“ಬಲೆ ಬಿಟ್ಟಾತೋ?”

“ಬಿಟ್ಟಾತು.”

ಕುಪ್ಪ ಡ್ರೈವರನ ಕಡೆ ತಿರುಗಿದ. “ಮತ್ತೆ ಈ ಬಸ್ಸು ಎಂತಕೆ ಇಷ್ಟು ಮೆಲ್ಲ ಹೋಗ್ತದೆ, ಮಾರಾಯಾ?”

ದಂಡೆಯಲ್ಲಿ ಸುಬ್ಬಿ ದೋಣಿಯ ಒಂದು ಹುಟ್ಟನ್ನು ಮರಳ ಮೇಲೆ ಅಡ್ಡ ಮಲಗಿಸಿ, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಅದನ್ನೇ ಹೊಸಿಲು ಮಾಡಿಕೊಂಡು ಕಾಯುತ್ತಿದ್ದಳು. ಈರ ಅದನ್ನು ಬಲಗಾಲಿಟ್ಟು ದಾಟಿದ. ದಾಸ ಸೊಂಟದವರೆಗೆ ಒದ್ದೆಯಾಗಿ ಬಂದು ಅಳಿಯನ ಕಾಲು ತೊಳೆದ. ಸೋಬಾನೆ ಮುಗಿಯುವವರೆಗೆ ಕುಪ್ಪ ಹೇಗೋ ತಡೆದುಕೊಂಡ. ಮುಗಿದದ್ದೇ ಪಂಚೆ ಎತ್ತಿ ಕಟ್ಟಿ ಹಗ್ಗಕ್ಕೆ ಭುಜ ಕೊಟ್ಟ. ತದಡಿಯ ಗಂಡಸರೆಲ್ಲ ಅವನ ಹಿಂದೆ ಹೋದರು. ಈರನೂ ಎದ್ದ, ಆದರೆ ಬಾಸಿಂಗ ಕಟ್ಟಿದವನು ಹಗ್ಗ ಮುಟ್ಟಬಾರದೆಂದು ಮುದುಕರು ತಡೆದರು. ಅವನು ದೋಣಿಯ ನೆರಳಿನಲ್ಲಿ ಕೂತು ದಿಬ್ಬಣದವರ ವಾಚುಗಳನ್ನೂ ಹೊಸ ಅಂಗಿಗಳನ್ನೂ ಮಡಿಲಲ್ಲಿಟ್ಟುಕೊಂಡು ಕಾದ. ಎಡಗಡೆಯ ಹಗ್ಗದಲ್ಲಿ ಒಬ್ಬನ ಜಾಗ ತೆರವಾಗಿತ್ತು. ಕೈ ಖಾಲಿ ಇದ್ದರೆ ಇಲ್ಲಿ ಬನ್ನಿ ಎಂದು ಯಾರೋ ಕೂಗಿದರು, ಕೃಷ್ಣಾನಂದನೂ ಹಿಡಿದ. ಅಂಗೈ ಸುಲಿಯಿತು.

ಹನ್ನೊಂದೂ ಇಪ್ಪತ್ತರ ಮುಹೂರ್ತ ಅಲ್ಲಿಯೇ ಕಳೆದುಹೋಯಿತು. ಕೃಷ್ಣಾನಂದ ಹೆದರಿಕೊಂಡೇ ಭಟ್ಟರ ಹತ್ತಿರ ಹೋದರೆ, ಅವರು ಬೆರಳು ಮಡಚಿ ಲೆಕ್ಕ ಹಾಕಿ ತಲೆ ಎತ್ತಿದರು.

“ಒಂದೂ ಮುಕ್ಕಾಲಿಗೆ ಇನ್ನೊಂದು ಇದ್ದು. ಮೊದಲೇ ಕೇಳಿದ್ರೆ ನಾ ಮೊದಲೇ ಹೇಳ್ತಿದ್ದಿ.”

ಒಂದೂ ಮುಕ್ಕಾಲಿಗೆ ಕಮಲಿಯ ಧಾರೆ ಆಯಿತು. ಬಲೆ ನೀರಿನ ಅಂಚಿನಲ್ಲಿ ಭದ್ರವಾಗಿತ್ತು, ಗಂಡಸರೆಲ್ಲ ಚಪ್ಪರದಲ್ಲಿದ್ದರು, ಚಪ್ಪರದ ತುಂಬ ಉಪ್ಪುನೀರಿನ ವಾಸನೆ ಇತ್ತು.

ಸೋಮವಾರ ಬೆಳಿಗ್ಗೆ ಕೃಷ್ಣಾನಂದ ಕುಮಟಾ ನಿಲ್ದಾಣಕ್ಕೆ ಹೋಗಿ ಸೀಟಿಯನ್ನು ಮೇಜಿನ ಮೇಲಿಟ್ಟು ಬಂದ. ಮುಂದಿನ ಹನ್ನೆರಡು ವರ್ಷ ತದಡಿಯಿಂದ ಭಟ್ಕಳದವರೆಗೆ ಅವನು ಮದುವೆಗಳನ್ನು ನಡೆಸಿದ. ಭಟ್ಕಳದ ನವಾಯತ ಮುಸ್ಲಿಂ ಮನೆಗಳವರೂ ಬಸ್ಸಿಗೆ, ಶಾಮಿಯಾನಕ್ಕೆ ಅವನನ್ನೇ ಕರೆದರು. ಕೆಲಸ ಬಿಟ್ಟರೂ ಎಲ್ಲರಿಗೂ ಅವನು ಕಂಟ್ರೋಲರೇ. ಎರಡನೆಯ ಮುಹೂರ್ತವನ್ನು ಕೇಳಿಕೊಳ್ಳದೆ ಯಾವ ಮದುವೆಯನ್ನೂ ಅವನು ಒಪ್ಪುತ್ತಿರಲಿಲ್ಲ. ಕಡಲ ಬದಿಯ ಮನೆಯಾದರೆ, ಯಾರು ಯಾವ ಬಲೆಯವರು ಎಂದು ವಿಚಾರಿಸಿ, ಬೇರೆ ಬೇರೆ ಬಲೆಯವರಿಗೆ ಕೆಲಸ ಹಂಚುತ್ತಿದ್ದ. ಕೆಲವೇ ವರ್ಷಗಳಲ್ಲಿ ಯಾಂತ್ರಿಕ ದೋಣಿಗಳು ಬಂದು ರಂಪಣಿಗಳು ಅಟ್ಟ ಸೇರಿದವು. ಅವನು ಕೇಳುವುದನ್ನು ಬಿಡಲಿಲ್ಲ.

ನಿಮ್ಮ ಗಂಡ ಕೆಲಸ ಬಿಟ್ಟದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಶ್ರೀಮತಿ, ಆ ಸೋಮವಾರ ಎನ್ನುತ್ತಿದ್ದಳು. ಕೃಷ್ಣಾನಂದ ಅದನ್ನು ತಿದ್ದುತ್ತಿದ್ದ. ಸೋಮವಾರವಲ್ಲ, ಅದರ ಹಿಂದಿನ ದಿನ, ಧಾರೆಗೆ ಮೊದಲು, ಅಡುಗೆಯ ಒಲೆಯ ಹತ್ತಿರ.

ಹಗ್ಗ ಹಿಡಿದವರಾರೂ ಮದುವೆಮನೆಯಿಂದ ಹಸಿದು ಹೋಗಬಾರದೆಂದು ತಿಮ್ಮಕ್ಕ ಹೇಳಿದ್ದಳು. ಹಗ್ಗ ಹಿಡಿದವರಲ್ಲಿ ಊರವರಿದ್ದರು, ದಿಬ್ಬಣದವರಿದ್ದರು, ದಾರಿಯಲ್ಲಿ ಹೋಗುತ್ತಿದ್ದವರೂ ಇದ್ದರು. ನೆರೆಮನೆಗಳಿಂದ ಅಕ್ಕಿ ಬಂದು ಸೇರುತ್ತಿತ್ತು. ಎಷ್ಟು ಎಲೆಗೆ ಅನ್ನ ಇಡಲಿ ಎಂದು ದುರ್ಗ ಹೇಳಿಕಳಿಸಿದಾಗ, ಕೃಷ್ಣಾನಂದ ಎರಡೂ ಹಗ್ಗಗಳ ಉದ್ದಕ್ಕೆ ನಡೆದು, ಬಸ್ಸಿನ ಕಿಟಕಿಯ ಪಕ್ಕ ನಡೆದಂತೆ, ತಲೆಗಳನ್ನು ಎಣಿಸಿದ. ಕೂತಿದ್ದ ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿ, ಒಲೆಯ ಬಳಿ ಬಂದು ನಾನೂರ ಹತ್ತು ಎಂದ.

ದುರ್ಗ ಅವನ ಸುಲಿದ ಅಂಗೈಗಳನ್ನು ನೋಡಿದ.

“ನಿಮ್ಮನ್ನ ಹಿಡ್ದೋ, ಬಿಟ್ಟೋ?”

ಕೃಷ್ಣಾನಂದ ದಂಡೆಯ ಕಡೆ ಒಮ್ಮೆ ತಿರುಗಿ ನೋಡಿದ.

“ಹಾಗಾದ್ರೆ ನಾನೂರ ಹನ್ನೊಂದು.”