ನೂರಾ ಅರವತ್ತು ಹಂಡ್ರೆಡ್‌ವೇಟ್

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಜಲ್ಲಿ ಒಡೆಯುವಾಗ ಸುತ್ತಿಗೆ ಬಿದ್ದು ಹೋದದ್ದು. ಆ ಬೋಳು ಬೆರಳನ್ನೇ ಸಾಲಿನ ಕೆಳಗೆ ಜರುಗಿಸುತ್ತಾ, ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಗ್ಯಾಂಗಿನವರಿಗೆಲ್ಲ ಪೇಪರ್ ಓದಿ ಹೇಳುತ್ತಿದ್ದರು. ಹಡಗಲಿ ಸುತ್ತಿನ ರಸ್ತೆ ರಿಪೇರಿಗೆ ಅವರು ಗ್ಯಾಂಗ್ ಮೇಸ್ತ್ರಿ. ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ, ಇಂಗ್ಲಿಷ್ ಅಕ್ಷರ ಕಲಿತದ್ದು ಮೈಲಿಗಲ್ಲು ನೋಡಿ. ದಾರಿಯಲ್ಲಿ ಯಾವ ಬೋರ್ಡು ಕಂಡರೂ ಸೈಕಲ್ ನಿಲ್ಲಿಸಿ ಗಟ್ಟಿಯಾಗಿ ಓದಲೇಬೇಕು. "ಬರದಾರಂದ ಮ್ಯಾಲ ಓದಬೇಕ್ರಿ ಸರ, ಇಲ್ಲಾಂದ್ರ ಬರದವರಿಗೆ ಅವಮಾನ" ಎನ್ನುತ್ತಿದ್ದರು.

ನಾನು ಆಗಷ್ಟೇ ಸೇರಿದ್ದ ಜೂನಿಯರ್ ಇಂಜಿನಿಯರ್. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಕೊಬ್ಬು ಮಾತ್ರ ಖಾಯಂ ಆಗಿತ್ತು.

ಇಟ್ಟಿಗಿ ಕಡೆಯ ಹಳ್ಳಕ್ಕೆ ಬ್ರಿಟಿಷರ ಕಾಲದ ಕಮಾನು ಸೇತುವೆ. ಅದು ಎಷ್ಟು ಭಾರ ತಡೆಯುತ್ತದೆಂದು ಹೇಳುವ ಎರಕದ ಕಬ್ಬಿಣದ ಫಲಕವೊಂದಿತ್ತು: 160, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹಂಡ್ರೆಡ್‌ವೇಟ್. ಅದನ್ನು ಕಿತ್ತು ಟನ್ನಿನ ಲೆಕ್ಕದಲ್ಲಿ ಹೊಸ ಬೋರ್ಡು ಹಾಕಿ ಎಂದು ಮೇಲಿನಿಂದ ಆದೇಶ ಬಂತು. ಸೇತುವೆ ಪರೀಕ್ಷಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಂಡ್ರೆಡ್ ಅಂದರೆ ನೂರು, ನೂರು ಕೆಜಿ ಅಂದರೆ ಕ್ವಿಂಟಲ್, ನೂರಾ ಅರವತ್ತು ಕ್ವಿಂಟಲ್ ಅಂದರೆ ಹದಿನಾರು ಟನ್. ಪೇಂಟರನಿಗೆ ಹಾಗೇ ಬರೆಯಲು ಹೇಳಿದೆ.

ಮೇಸ್ತ್ರಿ ಹತ್ತಿರ ಬಂದರು. "ಸರ, ಹದಿನಾರಲ್ರಿ, ಎಂಟು. ಇದು ನಮ್ಮ ಕ್ವಿಂಟಲ್ ಅಲ್ಲ. ನೂರಾ ಹನ್ನೆರಡು ಪೌಂಡು, ಅಂದ್ರ ಒಂದು ಸಿಮೆಂಟ್ ಚೀಲದ ತೂಕ. ನಮ್ಮಪ್ಪನೂ ಇದೇ ಗ್ಯಾಂಗಿನಾಗ ಇದ್ದ, ಆತ ಹೇಳಿಕೊಟ್ಟದ್ದು."

"ಇಂಜಿನಿಯರಿಂಗ್ ಓದಿದವ ನಾನೋ ನೀವೋ, ಮೇಸ್ತ್ರಿ?"

ಗ್ಯಾಂಗಿನವರು ನಕ್ಕರು. ಮೇಸ್ತ್ರಿ ನಗಲಿಲ್ಲ. "ಒಮ್ಮಿ ಫೋನಿನಾಗರ ನೋಡ್ರಿ ಸರ" ಎಂದಷ್ಟೇ ಅಂದರು. ಫೋನು ನನ್ನ ಜೇಬಿನಲ್ಲೇ ಇತ್ತು, ಒಂದು ನಿಮಿಷದ ಕೆಲಸ. ನೋಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ಒಟ್ಟು ಹದಿನೈದು ಟನ್ ತೂಗುವ ಮರಳಿನ ಲಾರಿಯೊಂದು ಆ ಬೋರ್ಡನ್ನು ನಂಬಿ ಸೇತುವೆ ಹತ್ತಿತು. ಕಮಾನು ಕುಸಿಯಿತು. ಡ್ರೈವರನ ಎರಡೂ ಕಾಲು ಹೋದವು. ತಪ್ಪು ಲೆಕ್ಕದ ಬಗ್ಗೆ ಯಾರಾದರೂ ಮೊದಲೇ ಎಚ್ಚರಿಸಿದ್ದರೇ ಎಂದು ವಿಚಾರಣೆ ಶುರುವಾಯಿತು.

ಯಾರೂ ಎಚ್ಚರಿಸಿಲ್ಲ ಎಂದಾದರೆ ಅದು ಬರೀ ಕಣ್ತಪ್ಪು, ಎಚ್ಚರಿಸಿದ್ದರು ಎಂದಾದರೆ ನನ್ನ ನೌಕರಿ ಮುಗಿದಂತೆ. ಗ್ಯಾಂಗಿನವರೇನೋ ಮೇಸ್ತ್ರಿ ಅಂದದ್ದನ್ನೇ ಅನ್ನುವವರು. ಹಾಗಾಗಿ ಮಾನ ಬಿಟ್ಟು ಮೇಸ್ತ್ರಿಯ ಮನೆಗೇ ಹೋದೆ, ಅವರ ಹೇಳಿಕೆಯನ್ನು ನಾನೇ ಬರೆದುಕೊಂಡು: ನನಗೆ ಓದಲು, ಬರೆಯಲು ಬರುವುದಿಲ್ಲ, ಫಲಕದ ಮೇಲೆ ಏನಿತ್ತೋ ತಿಳಿಯದು, ನಾನು ಯಾರಿಗೂ ಏನೂ ಹೇಳಿಲ್ಲ.

ಬೋಳು ಬೆರಳನ್ನು ಜರುಗಿಸುತ್ತಾ ಅವರು ಅದನ್ನು ಗಟ್ಟಿಯಾಗಿ ಓದಿದರು. ಅಡುಗೆ ಮನೆಯಿಂದ ಅವರ ಹೆಂಡತಿ ಹೊರಗೆ ಬಂದು ನನ್ನತ್ತ ತಿರುಗಿದರು. "ಯಪ್ಪಾ, ಊರಿಗೆಲ್ಲ ಪೇಪರ್ ಓದೋ ಮನಿಷ್ಯಾಗ ಓದಾಕ ಬರೂದಿಲ್ಲಂತ! ನಿಮಗ ನಾಚಿಕಿ ಆಗೂದಿಲ್ಲೇನ್ರಿ?"

"ಸುಮ್ನಿರು. ಇವರದು ಇನ್ನೂ ಮೂವತ್ತು ವರ್ಷ ನೌಕರಿ ಐತಿ, ನಂದು ಮೂರು ತಿಂಗಳು."

ನಾನು ಪೆನ್ನು ಚಾಚಿದೆ. ಅವರು ಮುಟ್ಟಲಿಲ್ಲ.

"ಓದಾಕ ಬರಲಾರದಾವ ಸಹಿ ಹೆಂಗ ಮಾಡ್ತಾನ್ರಿ ಸರ? ಇದರಾಗೂ ಲೆಕ್ಕ ತಪ್ಪಿದ್ರಿ ನೋಡ್ರಿ. ಇಂಕ್ ಪ್ಯಾಡ್ ತರ್ರಿ."

ಥೂ ನನ್ನ ಜನ್ಮಕ್ಕೆ, ಅಂಗಡಿಗೆ ಓಡಿಹೋಗಿ ತಂದೆ. ಅವರು ಆ ಹೆಬ್ಬೆರಳನ್ನು ಮಸಿಗೆ ಅದ್ದಿ ಕಾಗದದ ಮೇಲೆ ಒತ್ತಿದರು.

ನಿವೃತ್ತರಾದ ಮೇಲೆ ಅವರು ಊರ ಕಟ್ಟೆಯ ಮೇಲೆ ಪೇಪರ್ ಹಿಡಿದದ್ದನ್ನು ಯಾರೂ ನೋಡಲಿಲ್ಲವಂತೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕಚೇರಿಯ ಕಡತದಲ್ಲಿ ಅವರು ಇವತ್ತಿಗೂ ಅನಕ್ಷರಸ್ಥರು. ನಾನು ಇಂಜಿನಿಯರ್.